ಹಲಗೆ ಬದಲಾದ ದೋಣಿ

ನಾನು ಒಂದು ತಾರಿ ದೋಣಿ. ಗಂಗಾವಳಿ ನದಿಯ ಈ ದಡದ ಜನರನ್ನು ಆ ದಡಕ್ಕೆ ದಾಟಿಸುವುದು ನನ್ನ ಕೆಲಸವಾಗಿತ್ತು. ನನ್ನನ್ನು ಕಟ್ಟಿದವನು ಹೊಸಬಯ್ಯ ಅಂಬಿಗ. ಮದುವೆಯಾದ ವರ್ಷ ಹೆಬ್ಬಲಸಿನ ಹಲಗೆಗಳನ್ನು ತಾನೇ ಕೊಯ್ದು, ತಾಮ್ರದ ಮೊಳೆ ಬಡಿದು ನನ್ನನ್ನು ನೀರಿಗಿಳಿಸಿದ. ಮೊದಲು ಕೂರಿಸಿದ್ದು ಹೆಂಡತಿ ಬೀರಮ್ಮನನ್ನು.

ಮರುವರ್ಷ ಅವನು ಮಚ್ವೆ ಎಂಬ ಸರಕಿನ ಹಾಯಿಹಡಗು ಹತ್ತಿ ಮುಂಬಯಿಗೆ ಹೋದ. "ನಾಲ್ಕು ತಿಂಗ್ಳಲ್ಲಿ ಬತ್ತೆ" ಎಂದಿದ್ದ. ಬರಲಿಲ್ಲ. ಕಾಗದವೂ ಬರಲಿಲ್ಲ. ಬೀರಮ್ಮ ಹುಟ್ಟು ಹಿಡಿದಳು.

ಕಡಲು ಹತ್ತಿರವಿದ್ದ ಹೊಳೆಯ ಉಪ್ಪುನೀರು ಮರವನ್ನು ಸುಮ್ಮನೆ ಬಿಡುವುದಿಲ್ಲ. ಪ್ರತಿ ಬೇಸಿಗೆ ಬಡಗಿ ಬಂದು ಒಂದೋ ಎರಡೋ ಹಲಗೆ ಕಿತ್ತು ಹೊಸದು ಜೋಡಿಸುತ್ತಿದ್ದ. ಕೊನೆಗೆ ಹೊಸಬಯ್ಯನ ಕೈಯದು ಹಿಂಬದಿಯ ಒಂದೇ ಹಲಗೆ ಉಳಿಯಿತು. ಅದೂ ಸೋರತೊಡಗಿದಾಗ ಬೀರಮ್ಮ ಎರಡು ದಿನ ಬಡಗಿಯನ್ನು ತಡೆದಳು.

ದಿನವೂ ದಾಟುತ್ತಿದ್ದ ವಾಮನ ಮಾಸ್ತರರು ಅವಳಿಗೆ ಒಂದು ಕಥೆ ಹೇಳಿದರು. ಹಿಂದೆ ಗ್ರೀಸ್ ದೇಶದಲ್ಲಿ ಒಬ್ಬ ವೀರನ ಹಡಗನ್ನು ಜನ ಹೀಗೆಯೇ ಹಲಗೆ ಬದಲಿಸುತ್ತ ಕಾಪಾಡಿದರಂತೆ. ಎಲ್ಲ ಹಲಗೆ ಹೋದ ಮೇಲೆ ಇದು ಅದೇ ಹಡಗೋ ಬೇರೆಯೋ ಎಂದು ಪಂಡಿತರು ವಾದಕ್ಕಿಳಿದರಂತೆ.

"ಯಾರು ಗೆದ್ರು, ಮಾಸ್ತರ್ರೆ?"

"ಇನ್ನೂ ಮುಗೀಲಿಲ್ಲ, ಬೀರಮ್ಮ."

"ಅವ್ರಿಗೆ ಜನ ದಾಟ್ಸೂ ಕೆಲ್ಸ ಇರ್ಲಿಲ್ಲ, ಅದ್ಕೆ" ಎಂದು ಅವಳೇ ಆ ಹಲಗೆ ಕಿತ್ತಳು.

ಹೊಸಬಯ್ಯ ಹೋಗಿ ಮೂವತ್ತೈದು ವರ್ಷಗಳಾದ ಮೇಲೆ, ಒಂದು ಮಧ್ಯಾಹ್ನ, ಬೆನ್ನು ಬಾಗಿದ ಮುದುಕನೊಬ್ಬ ನನ್ನನ್ನು ಹತ್ತಿದ. ನನಗೆ ಗುರುತು ಸಿಗಲಿಲ್ಲ. ನಡುಹೊಳೆಯಲ್ಲಿ ಅವನು "ಬೀರಾ" ಎಂದ. ಹುಟ್ಟು ನಿಂತಿತು.

"ಇದು ನಾ ಕಟ್ಟಿದ ದೋಣಿ ಅಲ್ವೆ?"

"ನಿಮ್ಮ ಹಲಗೆ ಒಂದೂ ಇಲ್ಲ ಇದ್ರಲ್ಲಿ."

ಹೊಸಬಯ್ಯ ತಲೆ ತಗ್ಗಿಸಿದ. "ಬಿಟ್ಟು ಹೋದವ ಬುದ್ಧಿ ಇಲ್ದ ಹುಡ್ಗ, ಬೀರಾ. ಅವ ಈಗ ಇಲ್ಲ. ನಾ ಬೇರೆ ಮನ್ಷ."

"ಹಂಗಾರೆ ನನ್ ಗಂಡ ಇನ್ನೂ ಬರ್ಲಿಲ್ಲ. ನೀವು ಆಚೆ ದಡದಲ್ಲಿ ಇಳ್ದು ನಿಮ್ಮ ದಾರಿ ಹಿಡೀರಿ."

ನನ್ನ ತಳ ಮರಳಿಗೆ ತಾಗಿತು. ಅವನು ಇಳಿಯಲಿಲ್ಲ. "ಬಿಟ್ಟು ಹೋದವ ನಾನೇ" ಎಂದ.

ಬೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕಾಲಬುಡದ ತೆಂಗಿನ ಕರಟವನ್ನು ಅವನತ್ತ ತಳ್ಳಿ, "ಒಳಗೆ ನೀರು ತುಂಬ್ತಿದೆ, ಮೊಗೀರಿ" ಎಂದಳು.

ಈಗ ಸೇತುವೆ ಬಂದಿದೆ. ನಾನು ಗಾಳಿಮರದ ಕೆಳಗೆ ಬೋರಲಾಗಿ ಮಲಗಿದ್ದೇನೆ. ಸಂಜೆ ಇಬ್ಬರೂ ಬಂದು ನನಗೆ ಒರಗಿ ಕೂರುತ್ತಾರೆ. ಬೀರಮ್ಮ ಅವನನ್ನು ಪೂರ್ತಿ ಕ್ಷಮಿಸಿಲ್ಲ, ನೆನಪಾದಾಗಲೆಲ್ಲ ಬೈಯುತ್ತಾಳೆ. ಅವನು ತಲೆಯಾಡಿಸುತ್ತ ಕೇಳುತ್ತಾನೆ. ಅದೇ ಮನುಷ್ಯನೋ ಬೇರೆಯೋ ಎಂದು ವಾದಿಸುವ ವಿದ್ಯೆ ನನಗಿಲ್ಲ. ಆದರೆ ಅಷ್ಟು ಹಳೆಯ ತಪ್ಪಿಗೆ ಬೈಸಿಕೊಳ್ಳಲು ಒಬ್ಬ ಮನುಷ್ಯ ದಿನವೂ ಬಂದು ಕೂರುವುದು ಸಣ್ಣ ಸಂಗತಿಯಲ್ಲ.