ಮಂಪರಿನಲ್ಲಿ ಕೇಳಿದ್ದು

ತಿ. ನರಸೀಪುರದ ನರ್ಸಿಂಗ್ ಹೋಮಿನಲ್ಲಿ ಪಿತ್ತಕೋಶದ ಆಪರೇಷನ್ ಮುಗಿದಿತ್ತು. ಆದರೆ ಅರಿವಳಿಕೆಯ ಮಂಪರಿನಲ್ಲಿ ಇಂದ್ರಾಣಿ ಇನ್ನೂ ಹೊಳೆಯಲ್ಲಿದ್ದಳು. ಕಪಿಲೆ ಕಾವೇರಿಯನ್ನು ಕೂಡುವಲ್ಲಿ ಹರಿಗೋಲು ಮೆಲ್ಲಗೆ ಸುತ್ತುತ್ತಿತ್ತು. ತೀರಿಹೋದ ಅವ್ವ ಎದುರಿಗೆ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದಳು. ಮಾತಾಡಹೋದರೆ ನಾಲಿಗೆ ಏಳುತ್ತಿರಲಿಲ್ಲ, ಆದರೂ ಭಯವೆನಿಸಲಿಲ್ಲ.

ಆಗ ನೀರಿನೊಳಗಿಂದ ಬಂದಂತೆ ಒಂದು ದನಿ ಕೇಳಿಸಿತು.

"ಇಂದ್ರಾ, ಅವ್ವ ಓಗೋವಾಗ ನಾನೂ ಪಕ್ದಲ್ಲಿರ್ಲಿಲ್ಲ ಕಣೆ. ಯಾವ ಮುಖ ಇಟ್ಕೊಂಡು ನಿಂಗೆ ಫೋನ್ ಮಾಡ್ಲಿ ಅಂತ ಕೂತ್ಬುಟ್ಟೆ."

ಅದು ಅಕ್ಕ ಸಾಕಮ್ಮನ ದನಿ. ಸಾವಿನ ಸುದ್ದಿಯನ್ನು ತಡವಾಗಿ ತಿಳಿಸಿದಳೆಂದು ಇಂದ್ರಾಣಿ ಅವಳೊಂದಿಗೆ ವರ್ಷಗಳಿಂದ ಮಾತು ಬಿಟ್ಟಿದ್ದಳು. ಈಗ ಅವಳು ತಗಡೂರಿನಿಂದ ಬಂದು ಪಕ್ಕದಲ್ಲಿ ಕುಳಿತದ್ದು ಇಂದ್ರಾಣಿಗೆ ಗೊತ್ತೇ ಇರಲಿಲ್ಲ.

ಹರಿಗೋಲು ಕರಗಿತು. ಬೆನ್ನಡಿಯ ಹಾಸಿಗೆ, ಕಿಟಕಿಯ ಬಿಸಿಲು, ಹೊಟ್ಟೆಯ ನೋವು ಒಂದೊಂದಾಗಿ ಅರಿವಿಗೆ ಬಂದವು. ಅವಳಿಗೆ ಪೂರ್ತಿ ಎಚ್ಚರವಾಗಿತ್ತು. ಕಣ್ಣು ತೆರೆದರೆ ಅಕ್ಕ ಸುಮ್ಮನಾಗಿಬಿಡುತ್ತಾಳೆ ಎನ್ನಿಸಿ ಹಾಗೆಯೇ ಮಲಗಿದ್ದಳು.

"ಕೊಟ್ಗೇಲಿ ಅಸ ಈಯ್ತಾ ಇತ್ತು, ಅಲ್ಗೋಗಿದ್ದೆ. ಕೈ ತೊಳ್ಕೊಂಡು ಬರೋ ಒತ್ಗೆ ಅವ್ವನ ಉಸ್ರು ನಿಂತೋಗಿತ್ತು. ಯಾರ್ಗೂ ಯೋಳಿಲ್ಲ ಕಣೆ ಇದ."

ಇಂದ್ರಾಣಿಯ ಮುಚ್ಚಿದ ರೆಪ್ಪೆಯಿಂದ ನೀರು ಕಿವಿಯತ್ತ ಇಳಿಯಿತು. ಅಕ್ಕ ಸೆರಗಿನ ತುದಿಯಿಂದ ಅದನ್ನು ಒರೆಸಿ ಕೇಳಿದಳು:

"ಎಚ್ರಾಯ್ತಾ?"

"ಇಲ್ಲ ಕಣಕ್ಕ," ಎಂದಳು ಇಂದ್ರಾಣಿ. "ನೀ ಯೋಳು."