ಅಗಲದ ಚಕ್ರಕ್ಕೆ ಪ್ರಫುಲ್ಲಾಳ ಭಾರ

ಘೋಡಬಂದರ್ ರಸ್ತೆಯಲ್ಲಿ ಚೆನ್ನಯನ ಟಯರ್ ಅಂಗಡಿಯನ್ನು ಯಾರು ಬೇಕಾದರೂ ತೋರಿಸುತ್ತಾರೆ. ಆದರೆ ಅಂಗಡಿಯ ಹಿಂದೆ ಟಾರ್ಪಾಲು ಹೊದ್ದು ನಿಂತಿರುವ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮಗ ಲತೇಶನಿಗೂ ಇರಲಿಲ್ಲ.

ಆ ಕಾರಿನ ವಿಷಯದಲ್ಲಿ ಚೆನ್ನಯ ಸ್ವಲ್ಪ ತಿಕ್ಕಲು. ಊರಿನಿಂದ ಬಂದವನು ನೌಪಾಡಾದ ಹೋಟೆಲಿನಲ್ಲಿ ತಟ್ಟೆ ಎತ್ತಿ, ಪಂಕ್ಚರ್ ಕೆಲಸ ಕಲಿತು, ಹೇಗೋ ಸ್ವಂತ ಅಂಗಡಿ ಹಾಕಿದ. ಉಳಿದವರೆಲ್ಲ ಡೊಂಬಿವಲಿಯಲ್ಲಿ ಮನೆ ಮಾಡುವ ವಯಸ್ಸಿನಲ್ಲಿ ಇವನು ಹೋಗಿ ಜಪಾನಿನ ಹಳೆಯ ಕಾರು ಕೊಂಡ. ಹೆಂಡತಿ ಪ್ರಫುಲ್ಲಾ ಅವನ ಗ್ರಹಚಾರ ಬಿಡಿಸುತ್ತಾಳೆ ಎಂದು ನೆಂಟರೆಲ್ಲ ಆಸೆಯಿಂದ ಕಾದರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಡಗಡೆಯ ಸೀಟಿನಲ್ಲಿ ಕೂತು, "ಹೋಗುವನಾ?" ಎಂದಳು. ನೆಂಟರಿಗೆ ಆದ ನಿರಾಸೆ ಅಷ್ಟಿಷ್ಟಲ್ಲ.

ಪ್ರಫುಲ್ಲಾ ಆಗ ಮೈಕೈ ತುಂಬಿಕೊಂಡಿದ್ದ ಹೆಂಗಸು. ಅವಳು ಕೂತರೆ ಕಾರು ಎಡಕ್ಕೆ ಚೂರು ವಾಲುತ್ತಿತ್ತು. "ದೋಣಿ ಹತ್ತಿದ ಹಾಗೆ ಆಗ್ತದೆ ಮಾರಾಯ್ರೆ" ಎಂದು ಅವಳೇ ನಗುತ್ತಿದ್ದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಪಾಮ್ ಬೀಚ್ ರಸ್ತೆಗೆ ಹೋಗಿ, ಗಾಳಿಗೆ ಕೂದಲು ಬಿಟ್ಟುಕೊಂಡು, ನೆರುಳ್ ಕಡೆಯ ಹೋಟೆಲಿನಲ್ಲಿ ಬನ್ಸ್ ತಿಂದು ಬರುತ್ತಿದ್ದರು. ಅಂಥ ಭಾನುವಾರಗಳು ಮತ್ತೆ ಬರಲಿಲ್ಲವಲ್ಲ ಎಂದು ಚೆನ್ನಯ ಈಗಲೂ ಹಲುಬುವುದುಂಟು.

ಅಂಗಡಿಯಲ್ಲಿ ಯಾರ ಗಾಡಿಗೆ ಅಗಲದ ಚಕ್ರ ಹಾಕಿದರೂ ಪ್ರಫುಲ್ಲಾಳೇ ಪರೀಕ್ಷೆ. ಹೊಸ ಟಯರ್ ರಸ್ತೆ ಮುಟ್ಟುವ ಮೊದಲು ಪೂಜೆಗೆಂದು ಅವಳು ಅದಕ್ಕೆ ಅರಿಸಿನ ಹಚ್ಚುತ್ತಿದ್ದಳು. ಒಮ್ಮೆ ಆ ಹಸಿ ಅರಿಸಿನ ಮಡ್‌ಗಾರ್ಡಿನ ಒಳಅಂಚಿಗೆ ಮೆತ್ತಿಕೊಂಡದ್ದನ್ನು ನೋಡಿ, ಟಯರ್ ತಾಗುವುದು ಎಲ್ಲಿ ಎಂದು ಅವಳೇ ಕಂಡುಹಿಡಿದಳು. ಅಲ್ಲಿಂದ ಅದೇ ಅಂಗಡಿಯ ಪದ್ಧತಿಯಾಯಿತು. ಟಯರಿನ ಅಂಚಿಗೆ ಅರಿಸಿನ ಬಳಿಯುವುದು, ಭಾರಕ್ಕೆ ಪ್ರಫುಲ್ಲಾಳನ್ನು ಕೂರಿಸಿ ಸ್ಪೀಡ್ ಬ್ರೇಕರ್ ಹಾರಿಸಿ ಬರುವುದು, ಬಗ್ಗಿ ನೋಡುವುದು. ಮಡ್‌ಗಾರ್ಡಿಗೆ ಅರಿಸಿನ ಹತ್ತದಿದ್ದರೆ ಗಿರಾಕಿ ನಿಶ್ಚಿಂತೆಯಿಂದ ಹೋಗಬಹುದು.

ತಮ್ಮದೇ ಕೆಂಪು ಕಾರಿಗೆ ಹಿಂದಿನ ಎರಡು ಚಕ್ರ ಅಗಲದ್ದು ಹಾಕಬೇಕೆಂಬುದು ಇಬ್ಬರ ಹುಚ್ಚು. ಚೆನ್ನಯ ಕಳಂಬೋಲಿಯ ಕಡೆಯಿಂದ ಒಂದು ಜೊತೆ ಅಲಾಯ್ ಚಕ್ರ ಹುಡುಕಿ ತಂದು ಹಾಕಿಯೂ ಹಾಕಿದ. ಕಾರಿನ ಹಿಂಭಾಗಕ್ಕೆ ಏನು ಕಳೆ ಬಂತು! ಆದರೆ ಪ್ರಫುಲ್ಲಾ ಕೂತು ಬ್ರೇಕರ್ ಹಾರಿದ್ದೇ ಕರ್ರೆಂದಿತು. ಎಡಗಡೆಯ ಮಡ್‌ಗಾರ್ಡಿನ ಅಂಚಿನ ತುಂಬ ಅರಿಸಿನ. ಒಳಅಂಚನ್ನು ಕತ್ತರಿಸಿದರೆ ಸರಿಹೋಗುತ್ತಿತ್ತು, ಆದರೆ ಆ ಕಾರಿನ ಮೈಗೆ ತಗಡು ಕೊಯ್ಯುವ ಗ್ರೈಂಡರ್ ಇಡುವುದು ಚೆನ್ನಯನಿಂದಾಗಲಿಲ್ಲ. "ಒಮ್ಮೆ ಕತ್ತರಿಸಿದ ತಗಡು ಮತ್ತೆ ಬರುದಿಲ್ಲ" ಎಂದು ಹಳೆಯ ಚಕ್ರಗಳನ್ನೇ ಹಾಕಿ, ಅಗಲದ್ದನ್ನು ಅಟ್ಟಕ್ಕೆ ಏರಿಸಿದ. "ನಾನು ಇಳಿದ್ರೆ ನಿಮ್ಮ ಕಾರು ಸರಿ ಆಗ್ತದೆ" ಎಂದು ಪ್ರಫುಲ್ಲಾ ವರ್ಷಗಟ್ಟಲೆ ಛೇಡಿಸಿದಳು.

ಹೋದ ವರ್ಷ ಅವಳು ಕಾಯಿಲೆ ಬಿದ್ದಳು. ಆಸ್ಪತ್ರೆ, ಲೋಕಲ್ ಟ್ರೇನು, ಮತ್ತೆ ಆಸ್ಪತ್ರೆ. ಚಿಕಿತ್ಸೆ ಮುಗಿಯಿತು, ಇನ್ನು ಮೈ ತುಂಬಿಕೊಳ್ಳಬೇಕಷ್ಟೇ ಎಂದರು ಡಾಕ್ಟರು. ಚೆನ್ನಯ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ದೊಗಳೆ ನೈಟಿಗಳನ್ನೇ ಹಾಕುತ್ತಿದ್ದಳು, ಇವನೂ ದಿಟ್ಟಿಸಿ ನೋಡಲು ಹೋಗಲಿಲ್ಲ. ಯಾರು ಕೇಳಿದರೂ "ಏನಿಲ್ಲ, ಮೊದಲಿನ ಹಾಗೇ ಇದ್ದಾಳೆ" ಎನ್ನುವುದು ರೂಢಿಯಾಯಿತು. ಹೇಳಿ ಹೇಳಿ ತಾನೂ ನಂಬಿದ.

ಮೇ ತಿಂಗಳ ಒಂದು ಬೆಳಿಗ್ಗೆ ಪ್ರಫುಲ್ಲಾಳೇ ಮಾತು ತೆಗೆದಳು.

"ಆ ಅಗಲದ ಚಕ್ರ ಅಟ್ಟದಲ್ಲಿ ಉಂಟಲ್ಲ? ಹಾಕಿ. ಪಾಮ್ ಬೀಚಿಗೆ ಒಂದು ರೌಂಡ್ ಹೋಗುವ."

ಚೆನ್ನಯನಿಗೆ ಇಪ್ಪತ್ತು ವರ್ಷ ಚಿಕ್ಕವನಾದ ಹಾಗಾಯಿತು. ಚಕ್ರಗಳು ಅಟ್ಟದಿಂದ ಇಳಿದವು. ಲತೇಶ ಅದೇ ಅಳತೆಯ ಹೊಸ ಟಯರ್ ತರಿಸಿದ. ವಿಜಯಪುರದ ಕಡೆಯ ಭೀಮು, ಅಂಗಡಿಯ ಹಳೆಯ ಫಿಟ್ಟರ್, ಜ್ಯಾಕ್ ಏರಿಸಿ ನಟ್ ಬಿಗಿದ. ಹಾಕಿ ಮುಗಿಸಿ ಹಿಂದೆ ಸರಿದು ನೋಡಿದರೆ ಅದೇ ಕಳೆ. ಚೆನ್ನಯನ ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ: ದೇವರೇ, ಇವತ್ತು ತಾಗದಿರಲಿ, ಕತ್ತರಿಸುವ ಕೆಲಸ ಬೇಡ.

"ಟೆನ್ಶನ್ ಮತ್ ಲೋ ಪಪ್ಪಾ" ಎಂದ ಲತೇಶ. "ನಯೇ ಟಯರ್ ಕಾ ಶೋಲ್ಡರ್ ಗೋಲ್ ಹೈ, ಅಂಚು ದುಂಡಗಿದೆ. ತಾಗಲ್ಲ."

ಪ್ರಫುಲ್ಲಾ ಮನೆಯಿಂದ ಆಟೋದಲ್ಲಿ ಬಂದಳು. ತುಂಬಾ ದಿನಗಳ ಮೇಲೆ ಸೀರೆ ಉಟ್ಟಿದ್ದಳು. ಕೈಯಾರೆ ಅರಿಸಿನ ಕಲಸಿ ಟಯರಿನ ಅಂಚಿಗೆ ಬಳಿದಳು. ಭೀಮು ಬಾಗಿಲು ತೆರೆದು ಹಿಡಿದ.

"ಸಾವಕಾಶ ಕೂಡ್ರಿ ಅಕ್ಕಾರ, ಸೀಟು ಭಾಳ ತಗ್ಗೈತಿ."

ಅವಳು ಕೂತಳು. ಸ್ಟೀರಿಂಗ್ ಹಿಡಿದಿದ್ದ ಚೆನ್ನಯ ರೂಢಿಯಂತೆ ಆ ವಾಲುವಿಕೆಗಾಗಿ ಕಾದ. ಕಾರು ಅಲುಗಲಿಲ್ಲ. ಅವಳು ಸರಿಯಾಗಿ ಕೂರಲಿಲ್ಲವೇನೋ ಎಂದು ತಿರುಗಿ ನೋಡಿದ. ಕೂತಿದ್ದಳು. ಬೆಲ್ಟ್ ಹಾಕಿ, ಮಗುವಿನ ಹಾಗೆ ಮುಂದೆ ನೋಡುತ್ತಾ, "ಹೋಗುವನಾ?" ಎಂದಳು.

ಪಕ್ಕದ ಸೊಸೈಟಿಯ ಗೇಟಿನ ಮುಂದಿದ್ದ ಸ್ಪೀಡ್ ಬ್ರೇಕರನ್ನು ಕಾರು ಸದ್ದಿಲ್ಲದೆ ಹಾರಿತು. ವಾಪಸು ಬಂದಾಗ ಭೀಮು ನೆಲಕ್ಕೆ ಮಲಗಿ ಟಾರ್ಚ್ ಬಿಟ್ಟು ನೋಡಿದ.

"ಒಂದು ಚೂರೂ ಹತ್ತಿಲ್ರಿ ಅಣ್ಣಾರ!"

ಲತೇಶ ಸೀಟಿ ಹೊಡೆದ. ಪ್ರಫುಲ್ಲಾ ಚಪ್ಪಾಳೆ ತಟ್ಟಿದಳು. ಚೆನ್ನಯ ಮಾತ್ರ ಕೆಳಗಿಳಿದು ಟಯರಿಗೂ ಅಂಚಿಗೂ ನಡುವೆ ಬೆರಳು ತೂರಿಸಿ ನೋಡಿದ. ಅಂದು ಅವಳು ಕೂತಾಗ ಉಗುರೂ ಹೋಗದಿದ್ದ ಜಾಗದಲ್ಲಿ ಇಂದು ಎರಡು ಬೆರಳು ಆರಾಮಾಗಿ ಆಡುತ್ತಿದ್ದವು.

"ಭೀಮು, ಒಮ್ಮೆ ನೀನು ಕೂತ್ಕೋ" ಎಂದ.

ಭೀಮು ಗಟ್ಟಿ ಆಳು. ಪ್ರಫುಲ್ಲಾ ಇಳಿದು ಅವನು ಕೂತದ್ದೇ ಕಾರು ಎಡಕ್ಕೆ ವಾಲಿತು. ಮತ್ತೆ ಅದೇ ಬ್ರೇಕರ್. ಕರ್ರ್ ಎಂದ ಸದ್ದು ಅಂಗಡಿಯ ಬಾಗಿಲಿನವರೆಗೂ ಕೇಳಿತು. ವಾಪಸು ಬಂದಾಗ ಒಳಅಂಚಿನ ತುಂಬ ಹಳದಿ.

ಲತೇಶನ ಗೋಲ್ ಶೋಲ್ಡರಿನ ಮಾತು ಅಲ್ಲಿಗೆ ಬಿದ್ದುಹೋಯಿತು. ಭೀಮು ತಾನೇ ಏನೋ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಇಳಿದ. ಪ್ರಫುಲ್ಲಾ ಹಳದಿ ಅಂಚನ್ನೇ ನೋಡುತ್ತಿದ್ದಳು. ಅವಳ ರವಿಕೆಯ ತೋಳಿನಲ್ಲಿ ಇನ್ನೊಂದು ಕೈ ಹಿಡಿಯುವಷ್ಟು ಜಾಗವಿರುವುದು ಚೆನ್ನಯನ ಕಣ್ಣಿಗೆ ಬಿತ್ತು. ಇಷ್ಟು ದಿನ ತಾನು ಎತ್ತ ನೋಡುತ್ತಿದ್ದೆ ಎಂದು ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

"ಆ ಗ್ರೈಂಡರ್ ತಾ" ಎಂದ ಭೀಮುವಿಗೆ.

"ಎಂಥದು ಮಾರಾಯ್ರೆ?" ಎಂದಳು ಪ್ರಫುಲ್ಲಾ. "ನಾನು ಕೂತಾಗ ತಾಗ್ಲಿಲ್ಲಲ್ಲ. ಈ ಕಾರಲ್ಲಿ ನಾನಲ್ಲದೆ ಯಾರು ಕೂರುದು? ಯಾಕೆ ಸುಮ್ಮನೆ ಕತ್ತರಿಸುದು?"

"ಈಗ ತಾಗುದಿಲ್ಲ" ಎಂದ ಚೆನ್ನಯ. "ದೀಪಾವಳಿಗೆ ತಾಗ್ತದೆ. ನೀನು ಮೊದಲಿನ ಹಾಗೆ ಆಗ್ತಿಯಲ್ಲ, ಆಗ ಎಂತ ಮಾಡುದು? ನಿನ್ನನ್ನು ಇಳಿಸ್ಲಿಕ್ಕೆ ಆಗ್ತದಾ?"

ಪ್ರಫುಲ್ಲಾ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. ಆಮೇಲೆ ಸ್ಟೂಲು ಎಳೆದು ಕೂತು, "ಹಾಗಾದ್ರೆ ಒಂದು ಬೆರಳು ಜಾಸ್ತಿಯೇ ತೆಗೀರಿ" ಎಂದಳು. "ನಾನೇನು ಬನ್ಸ್ ಬಿಡುವವಳಲ್ಲ."

ಭೀಮು ಗ್ರೈಂಡರಿನ ವೈರು ಸಿಕ್ಕಿಸಿದ. ಚೆನ್ನಯ ಅದನ್ನು ಅವನಿಗೆ ಬಿಡದೆ ತಾನೇ ತೆಗೆದುಕೊಂಡು, ಯಾರಿಗೂ ಮುಟ್ಟಲು ಬಿಡದಿದ್ದ ಆ ಕೆಂಪು ಅಂಚಿನ ಮೇಲೆ ಇಟ್ಟ.