ತೊಟ್ಟಿಯ ತಳದ ನೀಲಿ

ನಾನು ಬೆಟಗೇರಿಯ ಒಂದು ಬಣ್ಣದ ತೊಟ್ಟಿ. ನನ್ನನ್ನು ಕಟ್ಟಿಸಿದವನು ಬಣ್ಣಗಾರ ರಾಚಪ್ಪ. ನೆಲ ತೋಡಿಸಿ, ನಾಲ್ಕೂ ಕಡೆ ಕಲ್ಲುಚಪ್ಪಡಿ ನಿಲ್ಲಿಸಿ, ಒಳಗೆಲ್ಲ ಗಚ್ಚು ಬಳಿಸಿ, ಇಳಿಯಲು ಮೆಟ್ಟಿಲು ಮಾಡಿಸಿದ. ನೇಕಾರರು ತಂದ ನೂಲನ್ನು ನನ್ನೊಳಗಿನ ನೀಲಿಯಲ್ಲಿ ಅದ್ದುವುದು ಅವನ ಕೆಲಸ. ಹೊಸಬರು ಹಸಿ ನೂಲು ನೋಡಿ ಹಿಗ್ಗಿದರೆ ರಾಚಪ್ಪ ಮೂಗು ಮುರಿಯುತ್ತಿದ್ದ. "ಈಗೇನ್ ನೋಡ್ತೀ? ಒಣಗಿದ ಮ್ಯಾಲ ನೋಡು" ಎನ್ನುತ್ತಿದ್ದ. ಯಾವುದನ್ನೂ ಸುಲಭಕ್ಕೆ ನಂಬದ ಬುದ್ಧಿ ನನಗೆ ಅಲ್ಲಿಂದ ಬಂತು.

ರಾಚಪ್ಪ ಸತ್ತ ಮೇಲೆ ಅವನ ಮಕ್ಕಳು ನಾನಿರುವ ಈ ತಗಡಿನ ಶೆಡ್ಡನ್ನು ಒಂದು ಸಣ್ಣ ಬೈಬಲ್ ಸಭೆಗೆ ಮಾರಿದರು. ಊರಿನ ದೊಡ್ಡ ಚರ್ಚಿನಲ್ಲಿ ಕೂಸಿನ ಹಣೆಗೆ ನೀರು ಚಿಮುಕಿಸಿದರೆ ದೀಕ್ಷಾಸ್ನಾನ ಮುಗಿಯಿತು. ಈ ಸಭೆಯವರು ಅದನ್ನು ಒಪ್ಪುವವರಲ್ಲ. ಬುದ್ಧಿ ಬಂದವರು ತಾವಾಗಿ ಬಂದು ಪೂರಾ ಮುಳುಗಬೇಕು. ಸಭೆಯ ಹಿರಿಯ ದೇವಪುತ್ರಪ್ಪ ನನ್ನನ್ನು ಬಗ್ಗಿ ನೋಡಿ, "ದೇವರು ಮೊದಲೇ ಕಟ್ಟಿಸಿ ಇಟ್ಟಾನ" ಎಂದ. ಕಟ್ಟಿಸಿದವನು ರಾಚಪ್ಪ. ಇರಲಿ, ಯಾರು ನನ್ನ ಮಾತು ಕೇಳುತ್ತಾರೆ?

ಮೊದಲ ದೀಕ್ಷಾಸ್ನಾನದ ದಿನ ಬಿಳಿ ಬಟ್ಟೆಯವರು ನನ್ನ ಹಳೆಯ ಬಣ್ಣ ಹತ್ತಿ ನೀಲಿ ಅಂಚು ಹೊತ್ತುಕೊಂಡು ಮೇಲೆ ಬಂದರು. ಜನ ನಕ್ಕರು. ದೇವಪುತ್ರಪ್ಪ ಮಾರನೆಯ ದಿನವೇ ನನಗೆ ಸುಣ್ಣ ಬಳಿಸಿದ. ನಂಬದ ಬುದ್ಧಿಯಲ್ಲಿ ಆತ ನನ್ನನ್ನೂ ಮೀರಿಸಿದವನು. ಮುಳುಗಲು ಬಂದವರನ್ನೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ. ನನಗೆ ಅದು ಬಹಳ ಇಷ್ಟವಾಗಿತ್ತು.

ಒಮ್ಮೆ ದೊಡ್ಡ ಚರ್ಚಿನ ಫಿಲೆಮೋನ ಎಂಬ ಮಗ್ಗದ ಫಿಟ್ಟರ್ ಬಂದು, ತನ್ನನ್ನು ಮುಳುಗಿಸಬೇಕೆಂದ. ದೇವಪುತ್ರಪ್ಪನ ಮಗಳು ಕರುಣಾಳ ಮೇಲೆ ಅವನಿಗೆ ಮನಸ್ಸಿದ್ದದ್ದು ಓಣಿಗೆಲ್ಲ ಗೊತ್ತು. ಸಭೆಯ ಹುಡುಗಿ ಬೇಕೆಂದರೆ ಸಭೆಯವನೇ ಆಗಬೇಕು. ಇವನ ಲೆಕ್ಕ ನನಗೂ ತಿಳಿಯಿತು.

"ಕರುಣಾನ್ನ ಕೊಡೂದಿಲ್ಲ ಅಂದ್ರೂ ಮುಳುಗ್ತೀಯೇನು?" ದೇವಪುತ್ರಪ್ಪ ಕೇಳಿದ.

"ಸುಳ್ಳು ಹೇಳಂಗಿಲ್ರಿ ಕಾಕಾ. ನನಗ ಗೊತ್ತಿಲ್ಲ."

"ಗೊತ್ತಾದ ಮ್ಯಾಲ ಬಾ."

ಕರುಣಾಳನ್ನು ಹುಬ್ಬಳ್ಳಿಯ ಗಿಲ್ಬರ್ಟನಿಗೆ ಕೊಟ್ಟರು. ಅವನು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿ ಮುಳುಗಿ ಎದ್ದ. ಮದುವೆಯ ಊಟ ಮುಗಿದ ಮೇಲೆ ಸಭೆಯ ಕಡೆ ತಲೆ ಹಾಕಲಿಲ್ಲ. ಕೆಲವು ವರ್ಷಕ್ಕೆ ಕರುಣಾಳನ್ನೂ ತವರಿಗೆ ಬಿಟ್ಟುಹೋದ. ಅಲ್ಲಿಂದ ಮುಂದೆ ದೇವಪುತ್ರಪ್ಪನ ಪ್ರಶ್ನೆಗಳು ಉದ್ದವಾದವು.

ಫಿಲೆಮೋನ ಬೇರೆ ಕಡೆ ಮದುವೆಯಾದ. ಆದರೂ ಪ್ರತಿ ದೀಕ್ಷಾಸ್ನಾನಕ್ಕೆ ಮುಂಚೆ ತೆಂಗಿನ ನಾರು ಹಿಡಿದು ಬಂದು ನನ್ನನ್ನು ತಿಕ್ಕಿ ತೊಳೆಯುತ್ತಿದ್ದ. ಯಾರೂ ಕರೆದಿರಲಿಲ್ಲ. ಕರುಣಾ ಪಕ್ಕದ ತವರುಮನೆಯಲ್ಲಿದ್ದಾಳೆಂದು ಬರುತ್ತಾನೆ ಎಂದುಕೊಂಡೆ. ಅವನು ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ತಿಕ್ಕಿ ತಿಕ್ಕಿ ಸುಣ್ಣವೆಲ್ಲ ಎದ್ದುಹೋಯಿತು. ತಳದ ನೀಲಿ ಮತ್ತೆ ಹೊರಗೆ ಬಂತು.

ನನಗೆ ವಯಸ್ಸಾಯಿತು, ತಳದಲ್ಲಿ ಬಿರುಕು ಬಿಟ್ಟಿತು. ನನ್ನನ್ನು ಮುಚ್ಚಿ ಮೇಲೆ ನೆಲ ಹಾಸುವುದೆಂದು ಸಭೆ ತೀರ್ಮಾನಿಸಿತು. ಅದನ್ನು ಕೇಳಿ ತಲೆ ನೆರೆತ ಫಿಲೆಮೋನ ದೇವಪುತ್ರಪ್ಪನ ಮುಂದೆ ಬಂದು ನಿಂತ.

"ಈಗ ಗೊತ್ತಾಗೈತ್ರಿ ಕಾಕಾ. ಇದ್ರಾಗ ಮುಳುಗಬೇಕು."

ನಾನು ಕಿವಿ ನಿಮಿರಿಸಿದೆ. ಸಭೆಯ ಸ್ಮಶಾನದಲ್ಲಿ ಜಾಗ ಬೇಕಾಗಿರಬೇಕು ಎಂದುಕೊಂಡೆ. ದೇವಪುತ್ರಪ್ಪನ ಮುಖ ನೋಡಿದರೆ ಅವನಿಗೂ ಅದೇ ಹೊಳೆದಂತಿತ್ತು.

ಭಾನುವಾರ ಬೆಳಗ್ಗೆ ಪೈಪು ಹಚ್ಚಿ ನನ್ನನ್ನು ತುಂಬಿಸಿದರು. ಫಿಲೆಮೋನ ಎದೆಮಟ್ಟದ ನೀರಿನಲ್ಲಿ ನಿಂತ. ದೇವಪುತ್ರಪ್ಪನಿಗೆ ನೀರಿಗಿಳಿಯುವ ವಯಸ್ಸು ದಾಟಿತ್ತು. ಅವನು ಮೇಲೆ ನಿಂತು ಕೇಳುವುದು, ಮುಳುಗಿಸಲು ಬೇರೆಯವರು.

ಕೇಳತೊಡಗಿದ. ಯಾಕೆ ಬಂದೆ, ಇಷ್ಟು ದಿನ ಯಾಕೆ ಬರಲಿಲ್ಲ, ಸ್ಮಶಾನದ ಆಸೆಯೇ? ಫಿಲೆಮೋನ ಒಂದೊಂದಕ್ಕೂ ಸಾವಕಾಶವಾಗಿ ಉತ್ತರ ಕೊಟ್ಟ. ಮಣ್ಣು ಎಲ್ಲಾದರೂ ಆಗಲಿ ಎಂದ. ಅಷ್ಟರಲ್ಲಿ ನೀರು ಅವನ ಸೊಂಟಕ್ಕೆ ಇಳಿದಿತ್ತು. ಬಿರುಕನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ.

ಮುಂದೆ ಕೂತಿದ್ದ ಕರುಣಾ ಮೆಲ್ಲಗೆ ಹೇಳಿದಳು, "ಅಪ್ಪಾ, ನೀರು ಹೊಂಟೈತಿ."

"ಹೋಗ್ಲಿ. ಇನ್ನೊಂದು ಕೇಳೂದೈತಿ." ದೇವಪುತ್ರಪ್ಪ ಕೋಲೂರಿ ಮುಂದಕ್ಕೆ ಬಗ್ಗಿದ. "ನಾ ಮುಳುಗಸಂಗಿಲ್ಲ ಅಂದ್ರ ಏನ್ ಮಾಡ್ತೀ?"

"ನೀರು ಖಾಲಿ ಆಗೂಮಟ ನಿಂತಿರ್ತೇನ್ರಿ. ಆಮ್ಯಾಲೆ ತೊಟ್ಟಿ ತಿಕ್ಕಿ ಮನಿಗೆ ಹೊಕ್ಕೇನ್ರಿ."

ನನಗೆ ಎದೆ ಇದ್ದಿದ್ದರೆ ಆಗ ಒಡೆದುಹೋಗುತ್ತಿತ್ತು. ದೇವಪುತ್ರಪ್ಪ ಕೋಲನ್ನು ಬದಿಗಿಟ್ಟ. ಮಗಳ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ತಳ ಮುಟ್ಟುವಷ್ಟರಲ್ಲಿ ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ನಿಂತವನನ್ನು ಮುಳುಗಿಸುವಂತಿರಲಿಲ್ಲ. ಫಿಲೆಮೋನ ನನ್ನ ತಳದಲ್ಲಿ ಬೆನ್ನು ಹಚ್ಚಿ ಮಲಗಿದ. ದೇವಪುತ್ರಪ್ಪ ಅವನ ಪಕ್ಕ ಮೊಣಕಾಲೂರಿ, ಎರಡೂ ಕೈಯಿಂದ ಎದೆ ಒತ್ತಿ, ಉಳಿದಷ್ಟು ನೀರಿನಲ್ಲಿ ಅವನನ್ನು ಪೂರಾ ಮುಳುಗಿಸಿದ. ಎದ್ದಾಗ ಒಬ್ಬನ ಬೆನ್ನು ನೀಲಿ, ಇನ್ನೊಬ್ಬನ ಧೋತರದ ಮೊಣಕಾಲು ನೀಲಿ. ಈ ಸಲ ಯಾರೂ ನಗಲಿಲ್ಲ.

ಒಣಗಿದ ಮೇಲೆ ನೋಡೋಣ ಎಂದುಕೊಂಡೆ. ನೋಡಲು ಬಿಡಲಿಲ್ಲ. ಆ ವಾರವೇ ನನ್ನೊಳಗೆ ಗರಸು ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಹಾಸಿದರು.

ಈಗ ನನಗೆ ಕೇಳಿಸುವುದಷ್ಟೇ. ಫಿಲೆಮೋನ ಈಗಲೂ ಬಂದು ನನ್ನ ಮೇಲಿನ ನೆಲ ಒರೆಸುತ್ತಾನೆ. ಮೊನ್ನೆ ಕರುಣಾ ಅವನಿಗೆ ಹೇಳುತ್ತಿದ್ದಳು, "ಅಪ್ಪನ ಧೋತರ ಎಷ್ಟ್ ಒಗದ್ರೂ ಮೊಣಕಾಲಿನ ನೀಲಿ ಹೋಗವಲ್ದು. ಹೊಸಾದು ತರ್ತೇನಿ ಅಂದ್ರ ಬ್ಯಾಡ ಅಂತಾನ. ಪ್ರತಿ ಭಾನುವಾರ ಅದನ್ನ ಉಟಗೊಂಡು ಬರ್ತಾನ."